ವಿಳಾಸ ಕಳೆದುಕೊಂಡ ಸರ್ವರ್: ವರ್ತಕರು ಗಮನಿಸಬೇಕಾದ ಸಂಗತಿ

ಪಟ್ಟಂದೂರು ಅಗ್ರಹಾರದ ಟೆಕ್ ಪಾರ್ಕ್ ಸುತ್ತಮುತ್ತ ಬಾಡಿಗೆ ಏರಿದಾಗ ಅಂಗಡಿಯನ್ನು ಬೇರೆಡೆಗೆ ಸಾಗಿಸುವ ವರ್ತಕನು ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿಯನ್ನು ಅಂಟಿಸಿ ಹೋಗುತ್ತಾನೆ. ಅಂತರಜಾಲದಲ್ಲಿ ಡೊಮೈನ್ ಹೆಸರು ಕಳೆದುಕೊಂಡವನಿಗೆ ಚೀಟಿ ಅಂಟಿಸಲು ಬಾಗಿಲೇ ಉಳಿಯುವುದಿಲ್ಲ.

ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲಕ್ಕೆ ಒಬ್ಬನೇ ಒಡೆಯನಿಲ್ಲ. ಬೇರೆ ಬೇರೆಯವರು ನಡೆಸುವ ಸ್ವತಂತ್ರ ಸರ್ವರ್‌ಗಳು ಪರಸ್ಪರ ಸಂದೇಶ ವಿನಿಮಯ ಮಾಡಿಕೊಳ್ಳುವ ಒಕ್ಕೂಟವದು. ಇ-ಮೇಲ್‌ನಲ್ಲಿರುವಂತೆಯೇ ಸದಸ್ಯನ ಹೆಸರಿನೊಡನೆ ಆತನ ಸರ್ವರಿನ ಡೊಮೈನ್ ಹೆಸರೂ ಸೇರಿರುತ್ತದೆ. 2024ರ ಫೆಬ್ರವರಿಯಲ್ಲಿ ‘ಕ್ವಿಯರ್ ಡಾಟ್ ಎಎಫ್’ ಎಂಬ ಸರ್ವರಿನ ಹೆಸರು ಅಮಾನತುಗೊಂಡಿತು. ‘ಎಎಫ್’ ಆಫ್ಘಾನಿಸ್ತಾನದ ಸಂಕೇತ; ಅದರ ನಿಯಂತ್ರಣ 2021ರಿಂದ ತಾಲಿಬಾನ್ ಆಡಳಿತದ ಕೈಯಲ್ಲಿದೆ. ಚೆಂದವಾಗಿ ಕಾಣುತ್ತದೆಂದು ಪರದೇಶದ ಸಂಕೇತವನ್ನು ಆರಿಸಿಕೊಂಡುದರ ಫಲವಿದು.

ಇಂತಹ ಸಂದರ್ಭದಲ್ಲಿ ಯಂತ್ರ ಕೆಡುವುದಿಲ್ಲ, ಬರಹಗಳೂ ಚಿತ್ರಗಳೂ ಅಳಿಯುವುದಿಲ್ಲ. ಸರಕೆಲ್ಲ ಗೋದಾಮಿನಲ್ಲೇ ಇರುತ್ತದೆ. ಆದರೆ ಇತರ ಸರ್ವರ್‌ಗಳು ಸದಸ್ಯನನ್ನು ಗುರುತಿಸುವುದು ಹಳೆಯ ವಿಳಾಸದಿಂದ. ಆತನ ಸಹಿಯನ್ನು ತಾಳೆ ನೋಡುವ ಕೀಲಿಯೂ ಅಲ್ಲಿಂದಲೇ ದೊರೆಯಬೇಕು. ಅದೇ ಸರ್ವರಿಗೆ ಹೊಸ ಹೆಸರಿಟ್ಟರೆ ಉಳಿದವುಗಳ ದೃಷ್ಟಿಯಲ್ಲಿ ಅದು ಅಪರಿಚಿತ. ಖಾತೆ ವರ್ಗಾಯಿಸಿ ಅನುಯಾಯಿಗಳನ್ನು ಜೊತೆಗೆ ಕರೆದೊಯ್ಯುವ ಸೌಲಭ್ಯವೇನೋ ಇದೆ, ಆದರೆ ಆ ಸೂಚನೆ ಹಳೆಯ ವಿಳಾಸದಿಂದಲೇ ಹೊರಡಬೇಕು. ಮುಂಚಿತವಾಗಿ ವರ್ಗಾವಣೆ ಮಾಡಿಕೊಂಡವರು ಮಾತ್ರ ಪಾರಾಗುತ್ತಾರೆ. ಉಳಿದವರು ತಾವು ಅನುಸರಿಸುತ್ತಿದ್ದವರ ಪಟ್ಟಿಯನ್ನು ಇಳಿಸಿಟ್ಟುಕೊಂಡಿದ್ದರೆ ಅಷ್ಟನ್ನು ಹೊಸ ಖಾತೆಗೆ ಏರಿಸಬಹುದು. ತಮ್ಮನ್ನು ಅನುಸರಿಸುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಮತ್ತೆ ಸಂಪಾದಿಸಬೇಕು.

ಸಾಮಾಜಿಕ ಜಾಲದ ಗೊಡವೆಯೇ ಇಲ್ಲದ ಕಾರ್ಖಾನೆದಾರರಿಗೂ ಈ ಪಾಠ ಹೊರಗಿನದಲ್ಲ. ಬ್ಯಾಂಕು, ಜಿಎಸ್‌ಟಿ, ಖರೀದಿದಾರರ ಆದೇಶ ಎಲ್ಲವೂ ಸಂಸ್ಥೆಯ ಡೊಮೈನಿನ ಇ-ಮೇಲ್‌ಗೆ ಬರುತ್ತಿದ್ದರೆ, ಆ ಹೆಸರನ್ನು ಮುಂದೆ ಪಡೆದವನು ಅವೆಲ್ಲವನ್ನೂ ಪಡೆಯಬಲ್ಲನು. ಪಾಸ್‌ವರ್ಡ್ ಬದಲಿಸುವ ಪತ್ರವೂ ಅವನಿಗೇ ತಲುಪುತ್ತದೆ. ಡೊಮೈನ್ ಹೆಸರು ಖರೀದಿಯ ಆಸ್ತಿಯಲ್ಲ, ಅವಧಿಗೆ ಪಡೆದ ಹಕ್ಕು. ವೆಬ್‌ಸೈಟ್ ಮಾಡಿಕೊಟ್ಟವನು ಅದನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದರೆ ಆ ಹಕ್ಕೂ ಕಾಗದದ ಮೇಲೆ ಮಾಲೀಕನದಲ್ಲ.

ಹೆಸರನ್ನು ಅನುಕರಿಸಿದವರ ವಿರುದ್ಧ ಕಾನೂನಿನ ರಕ್ಷಣೆ ಉಂಟು. ಸತ್ಯಂ ಇನ್ಫೋವೇ ಸಂಸ್ಥೆಯ ‘ಸಿಫಿ’ ಹೆಸರನ್ನು ಹೋಲುವ ‘ಸಿಫಿನೆಟ್’ ಕುರಿತ ವ್ಯಾಜ್ಯ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಿಂದ ಕರ್ನಾಟಕ ಹೈಕೋರ್ಟಿಗೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. 2004ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆ ಸಲ್ಲುತ್ತದೆಂದು ತೀರ್ಪಿತ್ತಿತು. ‘ಡಾಟ್ ಇನ್’ ಹೆಸರುಗಳ ವ್ಯಾಜ್ಯಕ್ಕೆ ಪ್ರತ್ಯೇಕ ಪಂಚಾಯಿತಿ ವಿಧಾನವೂ ಇದೆ.

ನವೀಕರಣವನ್ನು ಮರೆತುದಕ್ಕೆ ಮಾತ್ರ ಯಾವ ನ್ಯಾಯಾಲಯವೂ ಹೊಣೆಯಲ್ಲ. ನೆನಪಿನ ಪತ್ರವು ಅದೇ ಡೊಮೈನಿನ ಇ-ಮೇಲ್‌ಗೆ ಬರುವಂತಿದ್ದರೆ, ಅವಧಿ ಮುಗಿದು ಹೆಸರು ನಿಂತ ಮೇಲೆ ಬರುವ ಎಚ್ಚರಿಕೆ ಯಾರಿಗೂ ತಲುಪದು. ‘ಡಾಟ್ ಕಾಮ್’ ಹೆಸರನ್ನು ಒಮ್ಮೆಗೆ 10 ವರ್ಷದವರೆಗೆ ನೋಂದಾಯಿಸಬಹುದು. ಅವಧಿ ಮೀರಿ ರಿಜಿಸ್ಟ್ರಾರ್ ಅದನ್ನು ತೆಗೆದುಹಾಕಿದರೆ, ಹೆಚ್ಚುವರಿ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿದೆ. ಅನಂತರ 5 ದಿನಗಳಲ್ಲಿ ಆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ.