ಸ್ಪ್ರಿಂಕ್ಲರ್ ಕೊಳವೆಗೆ ಹನಿ ನೀರಾವರಿ ಜೋಡಿಸಬಹುದೇ?

ಏಪ್ರಿಲ್-ಮೇ ತಿಂಗಳಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಓಡಾಡಿದರೆ ಅಕ್ಕಪಕ್ಕದಲ್ಲೇ ಎರಡು ಬಗೆಯ ನೀರಾವರಿ ಕಾಣಸಿಗುತ್ತದೆ. ಶುಂಠಿ ಹೊಲದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಪಕ್ಕದ ಅಡಿಕೆ ತೋಟದಲ್ಲಿ ಕಪ್ಪು ಕೊಳವೆಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಎರಡಕ್ಕೂ ನೀರು ಒಂದೇ ಪಂಪಿನಿಂದ ಬರುವುದಾದರೆ, ಸ್ಪ್ರಿಂಕ್ಲರ್ ಸಾಲಿಗೇ ಒಂದು 'ಟೀ' ಹಾಕಿ ಹನಿ ಕೊಳವೆ ಜೋಡಿಸಿದರಾಯಿತಲ್ಲ ಎನ್ನಿಸುವುದು ಸಹಜ. ಜೋಡಿಸಬಹುದು, ಆದರೆ ಒಂದೇ ವಾಲ್ವಿನ ಹಿಡಿತದಲ್ಲಲ್ಲ. ಏಕೆ?

ಲೆಕ್ಕ ಮಾಡಿ ನೋಡಿ. 12 ಮೀಟರ್ ಅಂತರದಲ್ಲಿ ಚೌಕವಾಗಿ ನಿಲ್ಲಿಸಿದ ಸ್ಪ್ರಿಂಕ್ಲರುಗಳು ಗಂಟೆಗೆ ತಲಾ 1800 ಲೀಟರ್ ಚಿಮ್ಮಿಸುತ್ತವೆ ಎನ್ನಿ. ಒಂದೊಂದರ ಪಾಲಿಗೆ 144 ಚದರ ಮೀಟರ್ ನೆಲ. ಚದರ ಮೀಟರಿಗೆ 1 ಲೀಟರ್ ಎಂದರೆ 1 ಮಿ.ಮೀ. ಮಳೆಗೆ ಸಮ. ಅಂದರೆ ಗಂಟೆಗೆ 12.5 ಮಿ.ಮೀ. ದಿನಕ್ಕೆ 5 ಮಿ.ಮೀ. ಬೇಕಾದ ಬೆಳೆಗೆ 24 ನಿಮಿಷ ಸಾಕು. ಆದರೆ 4 ಲೀಟರಿನ ಎರಡು ಡ್ರಿಪ್ಪರ್ ಇರುವ ಅಡಿಕೆ ಮರಕ್ಕೆ ಅಷ್ಟರಲ್ಲಿ ಸಿಗುವುದು 3.2 ಲೀಟರ್ ಮಾತ್ರ. ಬೇಸಿಗೆಯಲ್ಲಿ ಅದಕ್ಕೆ ದಿನಕ್ಕೆ ಬೇಕಾದದ್ದು 16ರಿಂದ 20 ಲೀಟರ್. ಬುಡ ಒದ್ದೆಯಾಗಿ ಕಾಣುತ್ತದೆ, ಮರ ಬಾಯಾರಿರುತ್ತದೆ. ಮರಕ್ಕೆ ಸಾಲಲಿ ಎಂದು ಎರಡೂವರೆ ಗಂಟೆ ಬಿಟ್ಟರೆ ಶುಂಠಿಗೆ 31 ಮಿ.ಮೀ.! ದಿನವೂ ಹೀಗಾದರೆ ಗೆಡ್ಡೆಕೊಳೆಗೆ ನಾವೇ ಆಹ್ವಾನ ಕೊಟ್ಟಂತೆ.

ಇನ್ನು ಒತ್ತಡದ ಮಾತು. ತಿರುಗುವ ಸ್ಪ್ರಿಂಕ್ಲರಿಗೆ ಚದರ ಸೆಂಟಿಮೀಟರಿಗೆ 2ರಿಂದ 3 ಕಿಲೋಗ್ರಾಂ ಒತ್ತಡ ಬೇಕು. ಹನಿ ಕೊಳವೆಗೆ ಸುಮಾರು 1 ಸಾಕು. ಅದು 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಸಣ್ಣ ರಂಧ್ರದಿಂದ ಹೊರಬೀಳುವ ನೀರು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಒತ್ತಡ ಎರಡೂವರೆ ಪಟ್ಟಾದರೆ ಸಾಮಾನ್ಯ ಡ್ರಿಪ್ಪರ್ 4ರ ಬದಲು 6.3 ಲೀಟರ್ ಸುರಿಸಬೇಕು. ಅಷ್ಟರೊಳಗೆ ಜೋಡಣೆಗಳೇ ಕಳಚಿಕೊಳ್ಳುವುದೂ ಉಂಟು. ಜೊತೆಗೆ, ನಾಲ್ಕು ಸ್ಪ್ರಿಂಕ್ಲರುಗಳ 7200 ಲೀಟರನ್ನು ಹೊರಹಾಕಲು 900 ಮರಗಳ ಡ್ರಿಪ್ಪರುಗಳು ಬೇಕು. ಇರುವುದು 200 ಮರವಾದರೆ ಮಿಕ್ಕ ನೀರನ್ನು ಬೈಪಾಸ್ ವಾಲ್ವಿನ ಮೂಲಕ ತೊಟ್ಟಿಗೆ ಮರಳಿಸಬೇಕಾಗುತ್ತದೆ.

ಆದ್ದರಿಂದ ಮುಖ್ಯ ಕೊಳವೆಯಿಂದ ಹನಿ ಸಾಲಿಗೆ ಪ್ರತ್ಯೇಕ ಕವಲು ತೆಗೆಯಿರಿ. ಅದರಲ್ಲಿ ಕ್ರಮವಾಗಿ ವಾಲ್ವ್, ಫಿಲ್ಟರ್, ಒತ್ತಡ ನಿಯಂತ್ರಕ ಇರಲಿ. ಸ್ಪ್ರಿಂಕ್ಲರಿನ ನಳಿಕೆ ಒಂದಿಷ್ಟು ಪಾಚಿಯನ್ನು ಲೆಕ್ಕಿಸದು. ಡ್ರಿಪ್ಪರಿನ ದಾರಿಯಾದರೋ ಒಂದು ಮಿಲಿಮೀಟರಿನ ಆಸುಪಾಸು. ಈ ಎರಡು ತಾಲ್ಲೂಕುಗಳಲ್ಲಿ ಕೆರೆಗಳು ಹೇರಳ. ಕೆರೆಯ ನೀರಾದರೆ ಮೊದಲು ಮರಳು ಫಿಲ್ಟರ್, ಬಳಿಕ ಜಾಲರಿ ಫಿಲ್ಟರ್ ಬೇಕು. ನೀರಿನೊಡನೆ ಗೊಬ್ಬರ ಕೊಡುವವರು ಹಿಮ್ಮುಖ ಹರಿವು ತಡೆಯುವ ವಾಲ್ವ್ ಮರೆಯಬಾರದು. ಇಲ್ಲವಾದರೆ ಕರೆಂಟು ಹೋದ ಕ್ಷಣ ಗೊಬ್ಬರದ ನೀರು ಬಾವಿಗೇ ಮರಳೀತು. ನಮ್ಮಲ್ಲಿ ಕರೆಂಟು ಹೋಗುವುದು ಅಪರೂಪವೇನಲ್ಲ!

ಟೈಮರ್ ಇದ್ದರೆ ಎರಡು ವಾಲ್ವುಗಳಿಗೂ ಬೇರೆ ಬೇರೆ ಅವಧಿ ಕೊಡಿ. ಒಂದು ಮುಚ್ಚುವ ಮೊದಲೇ ಇನ್ನೊಂದು ತೆರೆಯಬೇಕು. ಎರಡೂ ಮುಚ್ಚಿ ಪಂಪು ಓಡಿದರೆ ಕೊಳವೆ ಸಿಡಿಯಬಹುದು.

ಶಿಕ್ಷಕರು ವಿದ್ಯಾರ್ಥಿಗಳೊಂದಿಗೆ ಇದನ್ನು ತೋಟದಲ್ಲೇ ಪರೀಕ್ಷಿಸಬಹುದು. ಸಾಲಿನ ಮೊದಲ ಮತ್ತು ಕೊನೆಯ ಡ್ರಿಪ್ಪರುಗಳ ಕೆಳಗೆ ಪಾತ್ರೆ ಇಡಿ. 4 ಲೀಟರಿನ ಡ್ರಿಪ್ಪರ್ 6 ನಿಮಿಷದಲ್ಲಿ 400 ಮಿಲಿಲೀಟರ್ ಕೊಡಬೇಕು. ಕೊನೆಯದರಲ್ಲಿ 300 ಮಾತ್ರ ಬಂದರೆ ಮೊದಲು ಕೊಳವೆಯ ತುದಿ ಬಿಚ್ಚಿ ಕೆಸರು ಹೊರಬಿಡಿ, ಆಮೇಲೆ ಒತ್ತಡ ಅಳೆಯಿರಿ.