ಹಳೆಯ ಪೋರ್ಷೆಗೆ ಗಾಳಿಯೇ ಜೀವ

ಸ್ಟಟ್‌ಗಾರ್ಟ್: ಪೋರ್ಷೆಯ ಈ ತವರೂರಿನಲ್ಲಿ ಕೆಲಸಕ್ಕಿರುವ ನಿಮ್ಮ ಮಗನೋ ಅಳಿಯನೋ ಹಳೆಯ 911 ಕಾರು ಕೊಂಡಿದ್ದರೆ, ಹೊರಗಿನ ಬಣ್ಣಕ್ಕಿಂತ ಮೊದಲು ಎಂಜಿನ್‌ನ ಗಾಳಿದಾರಿ ನೋಡಿಕೊಳ್ಳಲಿ. 1990ರ ದಶಕದ ಕೊನೆಯವರೆಗೂ ಬಂದ ಈ ಕಾರುಗಳ ಎಂಜಿನ್‌ಗೆ ನೀರಿನ ರೇಡಿಯೇಟರ್ ಇಲ್ಲ. ಹಿಂಬದಿಯ ಫ್ಯಾನ್ ತಳ್ಳುವ ಗಾಳಿ ಫೈಬರ್‌ಗ್ಲಾಸ್ ಕವಚದ ಮೂಲಕ ಆರು ಸಿಲಿಂಡರ್‌ಗಳನ್ನು ತಣಿಸಿ ಕೆಳಗಿಳಿಯುತ್ತದೆ. ಸುತ್ತಲಿನ ತಗಡು ತುಕ್ಕು ಹಿಡಿದು, ರಬ್ಬರ್ ಪಟ್ಟಿ ಹರಿದರೆ ಅದೇ ಬಿಸಿಗಾಳಿ ಮತ್ತೆ ಮೇಲೇರಿ ಫ್ಯಾನ್ ಸೇರುತ್ತದೆ. ಎಂಜಿನ್ ವಿಪರೀತ ಕಾಯುತ್ತದೆ.

ತಗಡಿನ ತುಕ್ಕು ಉಜ್ಜಿ ಬಣ್ಣ ಬಳಿಯಬೇಕು, ಕವಚದ ಬಿರುಕಿಗೆ ರೆಸಿನ್ ತೇಪೆ ಹಾಕಬೇಕು, ಹೊಸ ರಬ್ಬರ್ ಕೂರಿಸಬೇಕು. 30 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರಿಗೆ ಜರ್ಮನಿಯಲ್ಲಿ ‘ಎಚ್’ ನಂಬರ್ ಪ್ಲೇಟ್‌ನ ಗೌರವವೂ ಉಂಟು. ರಬ್ಬರ್ ಪಟ್ಟಿಯ ಖರ್ಚು ಸಣ್ಣದು. ಎಂಜಿನ್ ಕೆಟ್ಟರೆ ಊರಲ್ಲಿ ಮನೆ ಕಟ್ಟಲು ಕೂಡಿಟ್ಟ ಹಣವೇ ಕರಗೀತು.