ಎಸ್‌ಎಸ್‌ಡಿ ಹಾಕಿಸಿದರೂ ಅರ್ಧ ವೇಗವೇಕೆ?

ಪ್ರಶ್ನೆ: 2010ರ ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಸಿದೆ. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ಎಂದಿದೆ. ಅಳೆದರೆ 260 ದಾಟುವುದಿಲ್ಲ. ಡ್ರೈವ್ ಕೆಟ್ಟಿದೆಯೇ?

ಉತ್ತರ: ಡ್ರೈವ್ ಬಹುಶಃ ಚೆನ್ನಾಗಿಯೇ ಇದೆ. ಅದನ್ನು ತಡೆದಿರುವುದು ಲ್ಯಾಪ್‌ಟಾಪಿನ ಡ್ರೈವ್ ಜೋಡಿಸುವ ಸಾಟಾ ಸಂಪರ್ಕ. ಸಾಟಾದ ಮೂರು ತಲೆಮಾರುಗಳ ವೇಗ ಸೆಕೆಂಡಿಗೆ 1.5, 3 ಮತ್ತು 6 ಗಿಗಾಬಿಟ್. ಪ್ರತಿ 8 ಬಿಟ್ ಮಾಹಿತಿಗೆ ತಂತಿಯಲ್ಲಿ 10 ಬಿಟ್ ಸಾಗಬೇಕಾದ್ದರಿಂದ ಇವುಗಳ ಮಿತಿ 150, 300 ಮತ್ತು 600 ಎಂಬಿ. ಇಂಟೆಲ್ ಚಿಪ್‌ಸೆಟ್‌ಗಳಿಗೆ 6 ಗಿಗಾಬಿಟ್ ಬಂದದ್ದು 2011ರಲ್ಲಿ. ಹಾಗಾಗಿ ನಿಮ್ಮದು ಬಹುಶಃ 3 ಗಿಗಾಬಿಟ್ ಸಂಪರ್ಕ; 300ರ ಮಿತಿಯಲ್ಲಿ ನಿಮಗೆ ಸಿಗುತ್ತಿರುವ 260 ಸಹಜವೇ.

ಖಚಿತಪಡಿಸಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆಯಿರಿ. ವರ್ಗಾವಣೆ ವಿಧಾನದ ಜಾಗದಲ್ಲಿ ‘ಸಾಟಾ/300 | ಸಾಟಾ/600’ ಎಂದಿದ್ದರೆ, ಮೊದಲನೆಯದು ಈಗಿನ ಸಂಪರ್ಕ, ಎರಡನೆಯದು ಡ್ರೈವಿನ ಸಾಮರ್ಥ್ಯ. ಡಿವಿಡಿ ಜಾಗದಲ್ಲಿ ಕೂರಿಸಿದ್ದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಬದಲಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿಯ ಪೋರ್ಟ್ ಇನ್ನೂ ನಿಧಾನ.

ಬಯೋಸ್‌ನಲ್ಲಿ ಎಎಚ್‌ಸಿಐ ಆಯ್ಕೆ ಇದೆಯೇ ನೋಡಿ. ಅಲ್ಲಿ ಹಳೆಯ ಐಡಿಇ ವಿಧಾನ ಇದ್ದರೆ ಒಟ್ಟಿಗೆ ಬರುವ ಹಲವು ಬೇಡಿಕೆಗಳನ್ನು ಡ್ರೈವ್ ಜೋಡಿಸಿಕೊಳ್ಳಲಾರದು. ಆದರೆ ಚಾಲಕ ತಂತ್ರಾಂಶ ಸಜ್ಜುಗೊಳಿಸದೆ ಇದನ್ನು ಬದಲಿಸಿದರೆ ವಿಂಡೋಸ್ ಏಳದಿರಬಹುದು. ಮೊದಲು ಕಡತಗಳ ನಕಲು ತೆಗೆದಿಡಿ. ವೇಗ ಉಳಿಯಲು ನೆರವಾಗುವಂತೆ, ಅಳಿಸಿದ ಜಾಗವನ್ನು ಡ್ರೈವ್‌ಗೆ ತಿಳಿಸುವ ಟ್ರಿಮ್ ಸೌಲಭ್ಯ ವಿಂಡೋಸ್ 7ರಿಂದ ಇದೆ. ಆದರೂ ಡ್ರೈವನ್ನು ಕಂಠಮಟ್ಟ ತುಂಬಬೇಡಿ.

ಬೇಸರ ಬೇಡ. ದಿನನಿತ್ಯದ ಚುರುಕು ಬರುವುದು ಸಣ್ಣಪುಟ್ಟ ಕಡತಗಳು ಬೇಗ ಸಿಗುವುದರಿಂದ. ಹಾರ್ಡ್ ಡಿಸ್ಕ್ ಒಂದೊಂದಕ್ಕೂ ಸುಮಾರು 10 ಮಿಲಿಸೆಕೆಂಡ್ ಹುಡುಕಿದರೆ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಭಾಗ ಸಾಕು. ಹಳೆಯ ಸಾಟಾದಲ್ಲೂ ಈ ಲಾಭ ನಿಮ್ಮದೇ.